ಮೈ ನವಿರೇಳುವ ಕ್ಷಣ

ಸಿನಿಮಾ ನೋಡುತ್ತಿರುವಾಗ ಗಂಟಲು ಬಿಗಿದು, ಪಕ್ಕದವರಿಗೆ ಕಾಣದಂತೆ ಕಣ್ಣೊರೆಸಿಕೊಂಡ ಅನುಭವ ನಿಮಗೂ ಇರಬಹುದು. ಎಲ್ಲಿಂದಲೋ ಹಾಡಿನ ಒಂದು ಎಳೆ ಕಿವಿಗೆ ಬಿದ್ದೊಡನೆ ಮೈ ಜುಮ್ಮೆಂದು ತೋಳಿನ ಕೂದಲು ನಿಮಿರಿ ನಿಂತಿರಬಹುದು. ಕಾದಂಬರಿಯ ಪುಟವೊಂದನ್ನು ಮುಗಿಸಿ, ಮುಂದಿನ ಪುಟ ತಿರುವಲಾಗದೆ ಸುಮ್ಮನೆ ಕುಳಿತಿರಬಹುದು. ಭೌತವಿಜ್ಞಾನದ ದೃಷ್ಟಿಯಿಂದ ನೋಡಿದರೆ ತೆರೆಯ ಮೇಲಿರುವುದು ಬರಿಯ ಬೆಳಕು. ಹಾಡೆಂಬುದು ಗಾಳಿಯ ಒತ್ತಡದಲ್ಲಾಗುವ ಏರಿಳಿತ. ಪುಸ್ತಕವೆಂಬುದು ಕಾಗದದ ಮೇಲಿನ ಮಸಿ. ಇವುಗಳಿಂದ ಹೊಟ್ಟೆ ತುಂಬುವುದಿಲ್ಲ, ಪ್ರಾಣಕ್ಕೆ ಅಪಾಯವೂ ಇಲ್ಲ. ಹಾಗಿದ್ದೂ ನಮ್ಮ ದೇಹ ಚಳಿಗೆ ಸಿಕ್ಕಂತೆ, ಭಯಗೊಂಡಂತೆ ಏಕೆ ವರ್ತಿಸುತ್ತದೆ?

ಹಳಗನ್ನಡದಲ್ಲಿ ನವಿರು ಎಂದರೆ ಕೂದಲು. 'ಮೈ ನವಿರೇಳು' ಎಂಬ ಮಾತಿನಲ್ಲೇ ಅಂಗರಚನೆಯ ಒಂದು ಸತ್ಯ ಅಡಗಿದೆ. ಭರತನ ನಾಟ್ಯಶಾಸ್ತ್ರವು ಹೇಳುವ ಎಂಟು ಸಾತ್ತ್ವಿಕ ಭಾವಗಳನ್ನು ನೆನಪಿಸಿಕೊಳ್ಳಿ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ. ಬೆವರುವುದು, ಕೂದಲು ನಿಮಿರುವುದು, ಮುಖ ಬಣ್ಣಗೆಡುವುದು, ಕಣ್ಣೀರು ಬರುವುದು ಇವೆಲ್ಲ ನಮ್ಮ ಇಚ್ಛೆಗೆ ಒಳಪಡದ ಸ್ವಾಯತ್ತ ನರವ್ಯೂಹದ ಕೆಲಸಗಳೆಂದು ಇಂದು ನಮಗೆ ಗೊತ್ತು. ಯಾವ ಉಪಕರಣವೂ ಇಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ನೋಡಿ ಇವನ್ನು ಒಂದೇ ಗುಂಪಿಗೆ ಸೇರಿಸಿದವರ ಅವಲೋಕನ ಶಕ್ತಿಯನ್ನು ಮೆಚ್ಚಲೇಬೇಕು.

ಪ್ರತಿಯೊಂದು ರೋಮದ ಬುಡಕ್ಕೂ ಒಂದು ಪುಟ್ಟ ಅನೈಚ್ಛಿಕ ಸ್ನಾಯು ಅಂಟಿಕೊಂಡಿದೆ. ಸಿಂಪಥೆಟಿಕ್ ನರಗಳಿಂದ ಸಂದೇಶ ಬಂದಾಗ ಅದು ಸಂಕುಚಿಸುತ್ತದೆ. ಓರೆಯಾಗಿದ್ದ ರೋಮ ನೆಟ್ಟಗಾಗುತ್ತದೆ, ಅದರ ಬುಡದಲ್ಲಿ ಚರ್ಮ ಸಣ್ಣ ಗುಳ್ಳೆಯಂತೆ ಉಬ್ಬುತ್ತದೆ. ದಟ್ಟ ತುಪ್ಪಳವಿರುವ ಪ್ರಾಣಿಗಳಲ್ಲಿ ಇದರಿಂದ ಎರಡು ಪ್ರಯೋಜನಗಳುಂಟು. ಚಳಿಯಲ್ಲಿ ತುಪ್ಪಳದೊಳಗೆ ಹೆಚ್ಚು ಗಾಳಿ ಸಿಕ್ಕಿಕೊಂಡು ಶಾಖ ಉಳಿಯುತ್ತದೆ; ಶತ್ರು ಎದುರಾದಾಗ ಮೈ ದೊಡ್ಡದಾಗಿ ಕಾಣುತ್ತದೆ. ನಾಯಿಯನ್ನು ಕಂಡ ಬೆಕ್ಕನ್ನು ನೋಡಿದವರಿಗೆ ವಿವರಣೆ ಬೇಕಿಲ್ಲ. ತುಪ್ಪಳವನ್ನು ಬಹುಮಟ್ಟಿಗೆ ಕಳೆದುಕೊಂಡ ನಮ್ಮಲ್ಲಿ ಸ್ನಾಯು ಮಾತ್ರ ಹಾಗೆಯೇ ಉಳಿದುಕೊಂಡಿದೆ. ಕಣ್ಣೀರಿನ ಕಥೆ ಬೇರೆ. ಅಶ್ರುಗ್ರಂಥಿಯನ್ನು ಚೋದಿಸುವುದು ಮುಖ್ಯವಾಗಿ ಪ್ಯಾರಾಸಿಂಪಥೆಟಿಕ್ ನರಗಳು. ಅವು ಏಳನೆಯ ಕಪಾಲನರದ ಮೂಲಕ ಬರುತ್ತವೆ. ಒಂದು ಉದ್ರೇಕದ ದಾರಿ, ಇನ್ನೊಂದು ಉಪಶಮನದ ದಾರಿ. ಒಂದೇ ಹಾಡಿಗೆ ಮೈಯೂ ಜುಮ್ಮೆಂದು ಕಣ್ಣೂ ತುಂಬಿದರೆ ಎರಡೂ ದಾರಿಗಳು ಒಟ್ಟಿಗೆ ತೆರೆದಿವೆ ಎಂದರ್ಥ.

ಈಗ ಇದರಲ್ಲಿ ಶಕ್ತಿಯ ಲೆಕ್ಕ ಎಷ್ಟೆಂದು ನೋಡೋಣ. ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ತುಂಗಭದ್ರೆಯ ಕವಲುಗಳ ನಡುವೆ ಇರುವ ಗಡ್ಡೆ ಅದು. ನದಿಯ ಆಚೆ ದಡದಲ್ಲಿ ಹಂಪೆಯ ವಿರೂಪಾಕ್ಷ ದೇವಾಲಯದ ಗೋಪುರ. ಗಾಳಿಯಿಲ್ಲದ ಸಂಜೆಯಲ್ಲಿ ಇಂಥ ದಡದ ಮೇಲೆ ಕುಳಿತರೆ ಆಚೆ ದಡದ ಗಂಟೆ, ಹಾಡು ಹಗಲಿಗಿಂತ ಹತ್ತಿರವೆನಿಸುತ್ತವೆ. ನೀರಿಗೆ ತಾಗಿದ ಗಾಳಿ ತಂಪಾಗಿದ್ದು ಮೇಲಿನ ಗಾಳಿ ಬೆಚ್ಚಗಿದ್ದಾಗ, ಮೇಲ್ಪದರದಲ್ಲಿ ಶಬ್ದದ ವೇಗ ಹೆಚ್ಚು. ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ ಸುಮಾರು 0.6 ಮೀಟರ್. ಆದ್ದರಿಂದ ಮೇಲಕ್ಕೆ ಹೊರಟ ಶಬ್ದ ವಕ್ರೀಭವನ ಹೊಂದಿ ಕೆಳಕ್ಕೆ ಬಾಗುತ್ತದೆ. ನೀರಿನ ಮೇಲ್ಮೈಯೂ ಅದನ್ನು ಚೆನ್ನಾಗಿ ಪ್ರತಿಫಲಿಸುತ್ತದೆ. ಹೀಗೆ ಬಂದ ಹಾಡು ನಿಮ್ಮ ಕಿವಿಯ ಬಳಿ ಮಾತಿನಷ್ಟು, ಅಂದರೆ 60 ಡೆಸಿಬೆಲ್ ಇದೆಯೆಂದು ಇಟ್ಟುಕೊಳ್ಳಿ. ಆಗ ಅದರ ತೀವ್ರತೆ ಚದರ ಮೀಟರಿಗೆ ಒಂದು ವಾಟ್‌ನ ಹತ್ತು ಲಕ್ಷದ ಒಂದು ಭಾಗ. ಕಿವಿದಮಟೆಯ ವಿಸ್ತೀರ್ಣ ಸುಮಾರು 60 ಚದರ ಮಿಲಿಮೀಟರ್. ಗುಣಿಸಿ ನೋಡಿದರೆ ದಮಟೆಗೆ ತಲುಪುವ ಸಾಮರ್ಥ್ಯ ಒಂದು ವಾಟ್‌ನ ಸುಮಾರು 1,700 ಕೋಟಿಯಲ್ಲಿ ಒಂದು ಭಾಗ!

ಇಷ್ಟು ಅಲ್ಪ ಶಕ್ತಿ ಒಂದು ಆಳನ್ನು ಅಳಿಸಲಾರದು. ಕೂದಲನ್ನು ಎತ್ತುವ, ಎದೆಯನ್ನು ಬಡಿಸುವ ಶಕ್ತಿ ಬರುವುದು ನಾವುಂಡ ಅನ್ನದಿಂದ. ಶಬ್ದ ಕೇವಲ ತೂಬಿನ ತಿರುಗಣೆ. ಗಂಗಾವತಿಯ ಗದ್ದೆಗಳಿಗೆ ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ನೀರುಣಿಸುತ್ತವೆ. ತೂಬು ಎತ್ತುವವನ ತೋಳಿನ ಬಲಕ್ಕೂ ಹರಿಯುವ ನೀರಿನ ಬಲಕ್ಕೂ ಹೋಲಿಕೆಯೇ ಇಲ್ಲ. ಹಾಗಾದರೆ ಎಲ್ಲ ಶಬ್ದಕ್ಕೂ ಈ ತೂಬು ತೆರೆಯದಿರುವುದೇಕೆ ಎಂಬುದೇ ನಿಜವಾದ ಪ್ರಶ್ನೆ.

ಇದಕ್ಕೆ ನಮ್ಮ ಪಕ್ಕದ ಗದಗದಲ್ಲೇ ಒಂದು ಪ್ರಸಿದ್ಧ ಉದಾಹರಣೆಯಿದೆ. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಅಂಗಡಿಯ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿಯನ್ನು ಕೇಳಿದರು. ಹಾಗೆ ಹಾಡಲೇಬೇಕೆಂಬ ಹಂಬಲ ಹಿಡಿಯಿತು. 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೊರಟರು, ಗ್ವಾಲಿಯರ್‌ವರೆಗೂ ಅಲೆದರು. ಕೊನೆಗೆ 1936ರಲ್ಲಿ ಗುರು ಸಿಕ್ಕಿದ್ದು ಕುಂದಗೋಳದಲ್ಲಿ: ಅದೇ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರು. ಅಂದಿನ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ಮೂರೂವರೆ ನಿಮಿಷದ ಹಾಡಷ್ಟೇ ಹಿಡಿಯುತ್ತಿತ್ತು; ಮುಳ್ಳಿನ ಕರಕರ ಸದ್ದು ಬೇರೆ. ಇಂದಿನ ಅಗ್ಗದ ಮೊಬೈಲ್ ಕೂಡ ಅದಕ್ಕಿಂತ ನಿಖರವಾಗಿ ಧ್ವನಿಯನ್ನು ಹೊರಡಿಸುತ್ತದೆ. ಧ್ವನಿಯ ಗುಣಮಟ್ಟವೇ ಎಲ್ಲವೂ ಆಗಿದ್ದರೆ ಆ ಹುಡುಗ ಮನೆ ಬಿಡುತ್ತಿರಲಿಲ್ಲ.

ಮೆದುಳಿನೊಳಗೆ ಆ ಕ್ಷಣ ಏನಾಗುತ್ತದೆ? 2001ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಆನ್ ಬ್ಲಡ್ ಮತ್ತು ರಾಬರ್ಟ್ ಜಟೋರೆ ಇದನ್ನು ಪೆಟ್ ಸ್ಕ್ಯಾನ್ ಮೂಲಕ ಪರೀಕ್ಷಿಸಿದರು. ತಮಗೆ ಖಚಿತವಾಗಿ ರೋಮಾಂಚನ ತರುವ ಸಂಗೀತವನ್ನು ಸ್ವಯಂಸೇವಕರೇ ಆರಿಸಿ ತಂದಿದ್ದರು. ಒಬ್ಬರ ಮೆಚ್ಚಿನ ಸಂಗೀತವನ್ನೇ ಇನ್ನೊಬ್ಬರಿಗೆ ಹೋಲಿಕೆಗಾಗಿ ಕೇಳಿಸಲಾಯಿತು. ವಿಜ್ಞಾನದ ವಿದ್ಯಾರ್ಥಿಗಳು ಈ ಜಾಣ್ಮೆಯನ್ನು ಗಮನಿಸಬೇಕು: ಶಬ್ದ ಅದೇ, ಬದಲಾದದ್ದು ಕೇಳುಗ ಮಾತ್ರ. ರೋಮಾಂಚನ ತೀವ್ರವಾದಂತೆ ಊಟ ಮತ್ತಿತರ ಸುಖಗಳಿಗೆ ಎಚ್ಚೆತ್ತುಕೊಳ್ಳುವ ಮೆದುಳಿನ ಭಾಗಗಳಲ್ಲಿಯೇ ರಕ್ತಸಂಚಾರ ಹೆಚ್ಚಾಯಿತು.

2011ರಲ್ಲಿ ಅದೇ ಪ್ರಯೋಗಾಲಯದ ವಲೋರಿ ಸಲೀಂಪೂರ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಡೋಪಮೀನ್ ಕೂರುವ ಗ್ರಾಹಕಗಳ ಮೇಲೆಯೇ ಹೋಗಿ ಕೂರುವ ರಾಕ್ಲೋಪ್ರೈಡ್ ಎಂಬ ವಸ್ತುವಿಗೆ ಕಾರ್ಬನ್-11 ಪರಮಾಣುವನ್ನು ಜೋಡಿಸಿ ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಬಿಟ್ಟರು. ಕಾರ್ಬನ್-11ರ ಅರ್ಧಾಯು ಸುಮಾರು 20 ನಿಮಿಷ. ಅದು ಹೊರಸೂಸುವ ಪಾಸಿಟ್ರಾನ್ ಹತ್ತಿರದ ಎಲೆಕ್ಟ್ರಾನನ್ನು ಕೂಡಿ ಎರಡೂ ಇಲ್ಲವಾಗುತ್ತವೆ. ತಲಾ 511 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕಿಗೆ ಚಿಮ್ಮುತ್ತವೆ. ತಲೆಯ ಸುತ್ತಲಿನ ಸಂವೇದಕಗಳು ಇವನ್ನು ಜೋಡಿಯಾಗಿ ಗುರುತಿಸಿ ಮೂಲವನ್ನು ಪತ್ತೆಹಚ್ಚುತ್ತವೆ. ದೇಹದ್ದೇ ಆದ ಡೋಪಮೀನ್ ಹೆಚ್ಚು ಬಿಡುಗಡೆಯಾದರೆ ರಾಕ್ಲೋಪ್ರೈಡ್‌ಗೆ ಜಾಗ ಸಿಗದು, ಸಂಕೇತ ಕುಗ್ಗುತ್ತದೆ. ಸಂಗೀತ ಕೇಳುವಾಗ ಆದದ್ದು ಇದೇ. ಆದರೆ ಪೆಟ್ ಎಂಬುದು ಬಹಳ ಹೊತ್ತು ಕಣ್ಣು ತೆರೆದಿಟ್ಟ ಕ್ಯಾಮೆರಾದಂತೆ. ಯಾವ ಕ್ಷಣದಲ್ಲಿ ಏನಾಯಿತೆಂದು ಹೇಳದು. ಅದಕ್ಕಾಗಿ ಅದೇ ಜನರನ್ನು ಕ್ರಿಯಾತ್ಮಕ ಎಂಆರ್‌ಐನಲ್ಲೂ ನೋಡಿದರು. ರೋಮಾಂಚನಕ್ಕೆ ಕೆಲವು ಸೆಕೆಂಡು ಮೊದಲು, 'ಇನ್ನೇನು ಬಂತು' ಎನ್ನುವ ನಿರೀಕ್ಷೆಯಲ್ಲಿ ಕಾಡೇಟ್ ಎಂಬ ಭಾಗ ಚುರುಕಾಗಿತ್ತು. ರೋಮಾಂಚನದ ಗಳಿಗೆಯಲ್ಲಿ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗ. 2019ರಲ್ಲಿ ಇನ್ನೊಂದು ತಂಡ ಡೋಪಮೀನನ್ನು ಹೆಚ್ಚಿಸುವ ಔಷಧ ಕೊಟ್ಟಾಗ ಸಂಗೀತದ ಸುಖ ಹೆಚ್ಚಿದ್ದನ್ನೂ ತಡೆಯುವ ಔಷಧ ಕೊಟ್ಟಾಗ ತಗ್ಗಿದ್ದನ್ನೂ ವರದಿ ಮಾಡಿತು.

ನಿರೀಕ್ಷೆ ಎಂಬ ಈ ಮಾತನ್ನು ಖ್ಯಾಲ್ ಕೇಳುವವರು ಬಲ್ಲರು. ವಿಲಂಬಿತ ಏಕತಾಲದ ಒಂದು ಆವರ್ತನ ಒಂದು ನಿಮಿಷದಷ್ಟು ಎಳೆಯಬಹುದು. ಗಾಯಕರು ಎಲ್ಲೆಲ್ಲೋ ಸುತ್ತಿ ಸಮ್‌ಗೆ ಬಂದು ಇಳಿಯುವಾಗ ಸಭೆಯ ತಲೆಗಳೆಲ್ಲ ಒಟ್ಟಿಗೆ ಆಡುತ್ತವೆ.

ಅಚ್ಚರಿ ಇದ್ದಲ್ಲಿ ಮಾತ್ರ ಮೈ ಜುಮ್ಮೆನ್ನುತ್ತದೆ ಎನ್ನುವವರಿಗೆ ಕೊಪ್ಪಳ ಜಿಲ್ಲೆಯ ತೊಗಲುಗೊಂಬೆಯಾಟವನ್ನು ತೋರಿಸಬೇಕು. ಮೋರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಈ ಕಲೆಗಾಗಿ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರು ತೊಂಬತ್ತು ದಾಟಿದ್ದರು. ಬಿಳಿ ಪರದೆಯ ಹಿಂದೆ ಒಂದು ದೀಪ, ಬಣ್ಣ ಹಾಕಿದ ಅರೆಪಾರದರ್ಶಕ ತೊಗಲು, ಒಂದು ಕಂಠ, ಉಪಕರಣ ಅಷ್ಟೇ. ಕಿಷ್ಕಿಂಧೆಯೆಂದು ಜನ ನಂಬಿರುವ ಆನೆಗೊಂದಿಯ ಸೀಮೆಯಲ್ಲಿ ವಾಲಿ ಸಾಯುವುದು ಯಾರಿಗೆ ಗೊತ್ತಿಲ್ಲ? 1972ರ 'ಬಂಗಾರದ ಮನುಷ್ಯ' ಚಿತ್ರವನ್ನು ಮತ್ತೆ ಮತ್ತೆ ನೋಡಿದವರಿಗೂ ನಾಯಕ ಕೊನೆಗೆ ಮನೆ ಬಿಟ್ಟು ನಡೆಯುತ್ತಾನೆಂದು ತಿಳಿದೇ ಇತ್ತು. ಕಣ್ಣೀರು ಮಾತ್ರ ತಪ್ಪಲಿಲ್ಲ. ಕಾಡೇಟ್‌ನ ಕಥೆ ಇಲ್ಲಿ ಹೊಂದುತ್ತದೆ: ಬರುವುದೇನೆಂದು ತಿಳಿದಿರುವುದರಿಂದಲೇ ಕಾಯುವಿಕೆ ಸಾಧ್ಯ. ಆದರೆ ಅದೊಂದೇ ಸಾಲದು. ಅಗಲಿಕೆ, ಮರುಸೇರುವಿಕೆ, ತ್ಯಾಗ ಇವುಗಳಿಗೆ ಮನಸ್ಸು ಕರಗುವುದನ್ನು ತಾಳದ ಲೆಕ್ಕದಿಂದ ವಿವರಿಸಲಾಗದು. ಗುಂಪಿನಿಂದ ತಪ್ಪಿಸಿಕೊಂಡ ಮರಿಯ ಕೂಗು ತಾಯಿಯ ಮೈಯಲ್ಲಿ ಚಳಿ ಹುಟ್ಟಿಸಿ ಅದನ್ನು ಮರಿಯತ್ತ ಸೆಳೆಯುತ್ತಿತ್ತು, ಒಂಟಿ ಕಂಠದ ಆರ್ತಸ್ವರಕ್ಕೆ ನಾವು ಜುಮ್ಮೆನ್ನುವುದು ಅದರ ಮುಂದುವರಿಕೆ ಎಂದು ಯಾಕ್ ಪ್ಯಾಂಕ್ಸೆಪ್ 1995ರಲ್ಲಿ ಸೂಚಿಸಿದರು. ಆಕರ್ಷಕ ಊಹೆ, ಸಾಬೀತಾಗಿಲ್ಲ. ತರಗತಿಯಲ್ಲಿ ಹೇಳುವಾಗ ಊಹೆಯೆಂದೇ ಹೇಳಿ.

ಮತ್ತೊಂದು ಎಚ್ಚರಿಕೆ. ಕೂದಲು ನಿಮಿರಿದ್ದೆಲ್ಲ ರಸಾನುಭವವಲ್ಲ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ ಕಿರ್ರೆಂದರೂ ನಿಮಿರುತ್ತದೆ. ನಮ್ಮ ಕಿವಿಯ ನಾಳ ಸುಮಾರು 2.5 ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಅದರ ಅನುರಣನ ಆವರ್ತಾಂಕ 340 ಭಾಗಿಸು 0.1, ಅಂದರೆ ಸುಮಾರು 3,400 ಹರ್ಟ್ಸ್. ಕಿವಿಗೆ ಒಗ್ಗದ ಕರ್ಕಶ ಸದ್ದುಗಳ ಶಕ್ತಿಯಲ್ಲಿ ಒಂದು ಪಾಲು ಈ ಆಸುಪಾಸಿನಲ್ಲೇ ಇರುತ್ತದೆ.

ಇನ್ನು ಏನೂ ಅನ್ನಿಸದವರ ವಿಷಯ. ಎಲ್ಲರೂ ಕಣ್ಣೊರೆಸಿಕೊಳ್ಳುವಾಗ ಸುಮ್ಮನೆ ಕುಳಿತ ವಿದ್ಯಾರ್ಥಿಯನ್ನು ಕಲ್ಲುಹೃದಯದವನೆಂದೂ, ಅತ್ತ ಹುಡುಗನನ್ನು ಹೆಣ್ಣಿಗನೆಂದೂ ಹಂಗಿಸುವುದನ್ನು ನಾನು ಶಾಲೆಗಳಲ್ಲಿ ಕಂಡಿದ್ದೇನೆ. ಎರಡೂ ಅನ್ಯಾಯ. ಹಣದ ಬಹುಮಾನಕ್ಕೆ ಎಲ್ಲರಂತೆಯೇ ಸ್ಪಂದಿಸುವ, ಕಿವಿಯೂ ಸರಿಯಿರುವ, ಆದರೆ ಸಂಗೀತದಿಂದ ಯಾವ ಸುಖವೂ ಆಗದ ಆರೋಗ್ಯವಂತರು ಇದ್ದಾರೆಂದು 2014ರಲ್ಲಿ ಬಾರ್ಸಿಲೋನಾದ ಸಂಶೋಧಕರು ತೋರಿಸಿದರು. ಒಬ್ಬನಲ್ಲೇ ಇದು ಬದಲಾಗಲೂಬಹುದು. ಕೇಂಬ್ರಿಜ್‌ನಲ್ಲಿ ಓದುವಾಗ ಚರ್ಚಿನ ಗಾಯನಕ್ಕೆ ತನ್ನ ಬೆನ್ನುಹುರಿ ನಡುಗುತ್ತಿತ್ತೆಂದು ಆತ್ಮಕಥೆಯಲ್ಲಿ ಬರೆದ ಚಾರ್ಲ್ಸ್ ಡಾರ್ವಿನ್, ಇಳಿವಯಸ್ಸಿನಲ್ಲಿ ಕಾವ್ಯ ಮತ್ತು ಸಂಗೀತದ ರುಚಿ ತನಗೆ ಬಹುಮಟ್ಟಿಗೆ ಹೋಯಿತೆಂದು ಅದೇ ಪುಸ್ತಕದಲ್ಲಿ ಕೊರಗುತ್ತಾನೆ.

ಪರೀಕ್ಷಿಸಿ ನೋಡಬೇಕೆನ್ನುವ ಶಿಕ್ಷಕರಿಗೆ ಒಂದು ಸರಳ ಉಪಾಯವಿದೆ. ಚರ್ಮದ ಗುಳ್ಳೆಗಳು ನೇರ ಬೆಳಕಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಮಬ್ಬು ಕೋಣೆಯಲ್ಲಿ ಮುಂಗೈಯನ್ನು ಮೇಜಿನ ಮೇಲಿಟ್ಟು, ಟಾರ್ಚಿನ ಬೆಳಕು ಚರ್ಮವನ್ನು ಸವರಿ ಹೋಗುವಂತೆ ಪಕ್ಕದಿಂದ ಹಾಯಿಸಿ. ಸಂಜೆಯ ಓರೆ ಬಿಸಿಲಿನಲ್ಲಿ ಸಣ್ಣ ಕಲ್ಲಿಗೂ ಉದ್ದ ನೆರಳು ಬೀಳುವಂತೆ ಪ್ರತಿ ಗುಳ್ಳೆಗೂ ನೆರಳು ಮೂಡುತ್ತದೆ. ಸಂಶೋಧಕರ ರೋಮಾಂಚನ ಕ್ಯಾಮೆರಾಗಳೂ ಚರ್ಮವನ್ನು ಹೀಗೆಯೇ ಚಿತ್ರಿಸುತ್ತವೆ. ಹಾಡನ್ನು ವಿದ್ಯಾರ್ಥಿಯೇ ಆರಿಸಲಿ, ಮೈ ಜುಮ್ಮೆಂದಾಗ ಇನ್ನೊಂದು ಕೈಯಿಂದ ಮೇಜು ತಟ್ಟಲಿ. ಮೊಬೈಲಿನಲ್ಲಿ ಚಿತ್ರೀಕರಿಸುವವರು ಹಾಡನ್ನು ಕೇಳಿಸಿಕೊಳ್ಳದಿರಲಿ. ತಟ್ಟಿದ ಹೊತ್ತಿಗೂ ನೆರಳು ಮೂಡಿದ ಹೊತ್ತಿಗೂ ಎಷ್ಟು ಬಾರಿ ತಾಳೆಯಾಯಿತು, ಎಷ್ಟು ಬಾರಿ ಆಗಲಿಲ್ಲ ಎಂಬುದನ್ನು ಬರೆದಿಟ್ಟುಕೊಳ್ಳಿ. ಚಳಿಗಾಲದ ಬೆಳಗ್ಗೆ ಮಾತ್ರ ಈ ಪ್ರಯೋಗ ಬೇಡ.