ಕಣ್ಣೀರಿನಾಚೆಯ ಹೆಣ್ಣು

ಹದಿನೇಳನೇ ಶತಮಾನದ ಇಟಲಿಯ ಕಲೆಯಲ್ಲಿ ಭಾವಗಳೂ ಗಂಡು-ಹೆಣ್ಣಿನ ನಡುವೆ ಪಾಲಾಗಿದ್ದವು. ರೋಷ, ಛಲ ಗಂಡಿಗೆ. ಅಳು, ಪಶ್ಚಾತ್ತಾಪ, ಮೊರೆ ಹೆಣ್ಣಿಗೆ. ಬೊಲೋನ್ಯಾ ನಗರದಲ್ಲಿ ಇದಕ್ಕೆ ನೆಲ ಮೊದಲೇ ಹದವಾಗಿತ್ತು. ಚಿತ್ರ ಕಂಡವರ ಎದೆ ಕರಗಿ ಭಕ್ತಿ ಮೂಡಬೇಕು ಎಂದು ಅಲ್ಲಿನ ಧರ್ಮಾಧ್ಯಕ್ಷ ಗಾಬ್ರಿಯೆಲೆ ಪಾಲೆಯೊತ್ತಿ 1582ರಲ್ಲಿ ಬರೆದ. ಅದೇ ಹೊತ್ತಿಗೆ ಕರಾಚ್ಚಿ ಕುಟುಂಬದ ಮೂವರು ತೆರೆದ ಕಲಾಶಾಲೆಯಲ್ಲಿ ಜೀವಂತ ಮೈಯನ್ನು ಎದುರಿಗಿಟ್ಟುಕೊಂಡು ಬರೆಯುವ ಅಭ್ಯಾಸ ಬೆಳೆಯಿತು. ಭಾವವನ್ನು ಮೈಯಲ್ಲಿ ಓದಲು ಕಲಿಸುತ್ತಿದ್ದ ಆ ಬೆತ್ತಲೆ ರೂಪದರ್ಶಿಗಳ ಕೋಣೆಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ.

ಮಾಚಿಕಾಯಿ ಮತ್ತು ಅನ್ನಭೇದಿ ಸೇರಿಸಿದ ಶಾಯಿಯಲ್ಲಿ ಆ ಶತಮಾನದ ಚಿತ್ರಕಾರ ಗ್ವೆರ್ಚೀನೋ ಎಳೆದ ಗೆರೆಗಳೆಂದರೆ ನನಗೆ ಪ್ರಾಣ. ಲೇಖನಿ ಓಡುತ್ತದೆ, ತಡವರಿಸುತ್ತದೆ. ತೆಳು ಶಾಯಿ ಹರಡಿ ನೆರಳಾಗುತ್ತದೆ. ಆದರೆ ಪಶ್ಚಾತ್ತಾಪದ ಮಗ್ದಲೇನಳನ್ನು ಮತ್ತೆ ಮತ್ತೆ ಚಿತ್ರಿಸಿದ ಅವನೂ ಆ ಹಳೆಯ ಪಾಲನ್ನು ಮುರಿಯಲಿಲ್ಲ.

ಅದನ್ನು ಮುರಿದವಳು ಬೊಲೋನ್ಯಾದ ಚಿತ್ರಕಾರ್ತಿ ಎಲಿಸಬೆತ್ತಾ ಸಿರಾನಿ. 1638ರಲ್ಲಿ ಹುಟ್ಟಿದ ಆಕೆಗೆ ತಂದೆಯ ಚಿತ್ರಶಾಲೆಯೇ ಪಾಠಶಾಲೆ. ಸಂಧಿವಾತದಿಂದ ತಂದೆಯ ಕೈ ಸೋತಾಗ ಸಂಸಾರದ ಭಾರ ಹೊತ್ತದ್ದೂ ಆಕೆಯ ಕುಂಚವೇ. ಕಟ್ಟುನಿಟ್ಟಾದ ಹೊರಗೆರೆಯ ಗೊಡವೆಯಿಲ್ಲದೆ, ಶಾಯಿಯಲ್ಲಿ ಅದ್ದಿದ ಕುಂಚದಿಂದ ನೆರಳು-ಬೆಳಕಿನ ಆಕೃತಿಗಳನ್ನು ಎಬ್ಬಿಸುತ್ತಿದ್ದಳು. ಆ ವೇಗವನ್ನು ಕಣ್ಣಾರೆ ಕಂಡ ಮಾಲ್ವಾಸಿಯಾ, ಬೊಲೋನ್ಯಾದ ಚಿತ್ರಕಾರರ ಬಗೆಗಿನ ತನ್ನ ಗ್ರಂಥದಲ್ಲಿ ಮನಸಾರೆ ಕೊಂಡಾಡಿದ್ದಾನೆ.

ಸಿರಾನಿಯ ಎದೆಗಾರಿಕೆ ತಿಳಿಯಲು ತಿಮೋಕ್ಲಿಯಾಳ ಕಥೆ ಸಾಕು. ಅಲೆಕ್ಸಾಂಡರನ ಸೇನೆಯ ನಾಯಕನೊಬ್ಬ ಥೀಬ್ಸ್‌ನಲ್ಲಿ ಅವಳ ಮೇಲೆ ಅತ್ಯಾಚಾರ ಎಸಗಿ, ಹಣ ಎಲ್ಲಿದೆ ಎಂದು ಕೇಳುತ್ತಾನೆ. ಬಾವಿ ತೋರಿಸಿ, ಬಗ್ಗಿದವನನ್ನು ಅದರೊಳಗೆ ನೂಕುತ್ತಾಳೆ. ಈ ಕಥೆಯನ್ನು ಚಿತ್ರಿಸುವಾಗ ಚಿತ್ರಕಾರ ದೊಮೆನಿಕೀನೋ ಆರಿಸಿಕೊಂಡದ್ದು ಆಮೇಲಿನ ಗಳಿಗೆಯನ್ನು: ಸೆರೆಯಾಗಿ ಅರಸನೆದುರು ನಿಂತ ಹೆಣ್ಣು, ಕ್ಷಮಿಸುವ ಗಂಡು. ಸಿರಾನಿ 1659ರ ವರ್ಣಚಿತ್ರಕ್ಕೆ ಆರಿಸಿದ್ದು ನೂಕುವ ಗಳಿಗೆಯನ್ನೇ. ಅವನು ತಲೆಕೆಳಗಾಗಿದ್ದಾನೆ, ಕಾಲುಗಳು ಗಾಳಿಯಲ್ಲಿವೆ. ಅವಳ ಮುಖದಲ್ಲಿ ಕಣ್ಣೀರಿಲ್ಲ, ಉನ್ಮಾದವೂ ಇಲ್ಲ. ಮಾಡಬೇಕಾದ್ದನ್ನು ಮಾಡುತ್ತಿರುವವಳ ನಿರ್ಧಾರವಿದೆ. ಬೆತ್ತಲೆ ಮೈ ನೋಡಿ ಬರೆಯಲು ಬಿಡದ ಊರಿನಲ್ಲೇ ಗಂಡಿನ ಮೈಯನ್ನು ಹೀಗೆ ಬುಡಮೇಲು ಮಾಡಿದ್ದು ಸಣ್ಣ ಮಾತಲ್ಲ.

ಆಕೆ ಹೆಣ್ಣುಮಕ್ಕಳಿಗೆ ಚಿತ್ರಕಲೆ ಕಲಿಸಿದಳು. 1665ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿ, ತೀರಿಕೊಂಡಳು. ಸ್ಯಾನ್ ದೊಮೆನಿಕೊ ಚರ್ಚಿನಲ್ಲಿ ಹಿರಿಯ ಚಿತ್ರಕಾರ ಗ್ವೀದೊ ರೇನಿಯ ಸಮಾಧಿಯಲ್ಲೇ ಆಕೆಯನ್ನೂ ಮಣ್ಣು ಮಾಡಿದರು. ರೇನಿಯ ನೆರಳು ಎಂದು ಆಕೆಯನ್ನು ಬಹುಕಾಲ ಕಂಡದ್ದು ಅನ್ಯಾಯ. ಆಕೆಯ ಶಾಯಿಚಿತ್ರ ಕಣ್ಣಿಗೆ ಬಿದ್ದರೆ, ಮುಖ ನೋಡಿ ಮುಂದೆ ಹೋಗಬೇಡಿ. ಅದರಲ್ಲಿನ ಹೆಂಗಸರ ಕೈಗಳು ಏನು ಮಾಡುತ್ತಿವೆ ಎಂಬುದನ್ನೂ ನೋಡಿ.