ಕೈ ತಪ್ಪಿದ ಒಂದು ಗಳಿಗೆ

ಕಳಲೆಯೆಂದೊಡನೆ ಇತಿಹಾಸ ಬಲ್ಲವರಿಗೆ ದಳವಾಯಿಗಳ ನೆನಪಾಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಮೈಸೂರು ಅರಸರ ಹೆಸರಿನಲ್ಲಿ ರಾಜ್ಯಭಾರವನ್ನೇ ನಡೆಸಿದ ಮನೆತನ ಈ ಊರಿನದು. ದಳವಾಯಿಗಳು ಹೋದರು, ಲಕ್ಷ್ಮೀಕಾಂತಸ್ವಾಮಿಯ ಗುಡಿ ಉಳಿದಿದೆ. ಅದರೊಡನೆ ‘ಊರಿನಲ್ಲಿ ಮಾನ’ ಎಂಬ ಮಾತಿನ ತೂಕವೂ ಉಳಿದಿದೆ. ಆ ತೂಕ ಎಷ್ಟೆಂಬುದು ನನಗೆ ತಿಳಿದದ್ದು, ನೆರೆಮನೆಯ ಯಜಮಾನರು ಒಂದು ರಾತ್ರಿ ಬಂದು ಜಗುಲಿಯ ಕತ್ತಲಲ್ಲೇ ನಿಂತು, “ಮೇಷ್ಟ್ರೇ, ದೀಪ ಹಾಕಬೇಡಿ, ಒಂದು ಗಳಿಗೆ ಹೊರಗೆ ಬನ್ನಿ” ಎಂದಾಗ.

ಅವರ ಮಗಳಿಗೆ ಹತ್ತೊಂಬತ್ತು ವರ್ಷ. ದಿನವೂ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಕಾಲೇಜಿನಲ್ಲಿ ಓದುವವಳು. ಅಂದು ಸಂಜೆ, ಗಿರಾಕಿಗಳೇ ಕೈಯಾರೆ ಸಾಮಾನು ಆರಿಸಿಕೊಳ್ಳುವ ದೊಡ್ಡ ಅಂಗಡಿಯೊಂದರಲ್ಲಿ, 640 ರೂಪಾಯಿ ಬೆಲೆಯ ಎರಡು ಪ್ರಸಾಧನ ವಸ್ತುಗಳನ್ನು ಪುಸ್ತಕಗಳ ನಡುವೆ ಸೇರಿಸಿದ್ದಳು. ಬಾಗಿಲಲ್ಲಿ ಕಾವಲುಗಾರ ತಡೆದ. ಹಿಂದಿನ ಕೋಣೆಯಲ್ಲಿ ಎರಡು ಗಂಟೆ ಕೂರಿಸಿದರು, ತಪ್ಪೊಪ್ಪಿಗೆ ಬರೆಸಿಕೊಂಡರು, ಕಾಲೇಜಿನ ಗುರುತಿನ ಚೀಟಿ ಇಟ್ಟುಕೊಂಡರು. ನಾಳೆ ಸಂಜೆಯೊಳಗೆ ಹತ್ತರಷ್ಟು, ಅಂದರೆ 6,400 ರೂಪಾಯಿ ತಂದರೆ ಸರಿ. ಇಲ್ಲವಾದರೆ ಭಾವಚಿತ್ರ ಕಾಲೇಜಿಗೆ, ದೂರು ಪೊಲೀಸರಿಗೆ ಎಂದು ಹೇಳಿ ಕಳುಹಿಸಿದರು.

“ದುಡ್ಡು ಹೇಗೋ ಹೊಂದಿಸ್ತೀನಿ ಮೇಷ್ಟ್ರೇ. ಮಗೂನ ಜೈಲಿಗೆ ಹಾಕಿಬಿಡ್ತಾರಾ? ಮುಂದೆ ಕೆಲಸ, ಮದುವೆ ಎಲ್ಲಾ ಹೋದ ಹಾಗೇನಾ?”

ಉತ್ತರ ನನ್ನಲ್ಲಿರಲಿಲ್ಲ. ವಡ್ಡಾರಾಧನೆಯಲ್ಲಿ ಕಳ್ಳನಾಗಿದ್ದ ವಿದ್ಯುಚ್ಚೋರ ರಿಸಿಯಾದ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಪಾಠ ಹೇಳಿದ್ದೇನೆ. ಬಸವಣ್ಣನವರು ಹೇಳಿದ ಏಳು ನಿಷೇಧಗಳಲ್ಲಿ ಮೊದಲನೆಯದು ಕಳವಿನದೆಂಬುದನ್ನೂ ಬಲ್ಲೆ. ಆದರೆ ಆ ರಾತ್ರಿ ಬೇಕಾಗಿದ್ದದ್ದು ಕಾವ್ಯವಲ್ಲ, ಕಾನೂನು. ಮರುದಿನ ಬೆಳಗ್ಗೆ ಮೂವರೂ ನಂಜನಗೂಡಿಗೆ ಹೋಗಿ, ಪರಿಚಿತರಾದ ಹಿರಿಯ ವಕೀಲರೊಬ್ಬರನ್ನು ಕಂಡೆವು. ಅವರು ಹೇಳಿದ್ದನ್ನು, ಮಕ್ಕಳಿರುವ ಪ್ರತಿಯೊಂದು ಮನೆಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು ಕಠಿಣವಾಗಿಯೇ ಇತ್ತು. “ಚಿಕ್ಕ ಸಾಮಾನಾದ್ದರಿಂದ ಕಳವಲ್ಲ ಎಂದುಕೊಳ್ಳಬೇಡಮ್ಮ. ಬಾಗಿಲು ದಾಟದಿದ್ದರೂ, ಅಪ್ರಾಮಾಣಿಕ ಉದ್ದೇಶದಿಂದ ವಸ್ತುವನ್ನು ಇದ್ದೆಡೆಯಿಂದ ಕದಲಿಸಿದರೆ ಕಳವು ಆದಂತೆಯೇ.” ಮರಳಿ ಕೊಡುವ ಎಣಿಕೆಯೂ ರಕ್ಷಿಸದು. ಸರ್ಕಾರಿ ಕಚೇರಿಯ ಕಡತವನ್ನು ಅಲ್ಪಕಾಲ ಹೊರಗೊಯ್ದು ಹಿಂದಿರುಗಿಸಿದ ರಾಜಸ್ಥಾನದ ನೌಕರನೊಬ್ಬನ ಪ್ರಕರಣದಲ್ಲಿ, ಅದೂ ಕಳವೇ ಎಂದು ಸರ್ವೋಚ್ಚ ನ್ಯಾಯಾಲಯ ಅರವತ್ತರ ದಶಕದಲ್ಲಿಯೇ ತೀರ್ಮಾನಿಸಿದೆ.

ಇನ್ನು ಶಿಕ್ಷೆಯ ವಿಚಾರ. 1860ರ ದಂಡ ಸಂಹಿತೆಯ 379ನೆಯ ಕಲಮು ಈಗಿಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ; ಕಳವಿನ ಕಲಮು 303. ಮೂರು ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಉಂಟು. ಎರಡನೆಯ ಸಲ ಅಪರಾಧ ಸಾಬೀತಾದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷ ಕಠಿಣ ಸಜೆ, ಜೊತೆಗೆ ದಂಡ. ಆದರೆ ಹೊಸ ಸಂಹಿತೆ ಒಂದು ಕಿಟಕಿ ತೆರೆದಿದೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಅಪರಾಧಿಯಾದವರು ವಸ್ತುವನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ, ಶಿಕ್ಷೆ ಸಮುದಾಯ ಸೇವೆ. ಅಂದರೆ ನ್ಯಾಯಾಲಯ ಗೊತ್ತುಮಾಡಿದ, ಸಮಾಜಕ್ಕೆ ಒದಗುವ ಕೆಲಸವನ್ನು ಸಂಬಳವಿಲ್ಲದೆ ಮಾಡುವುದು. ಇಂಥ ಸಣ್ಣ ಕಳವಿಗೆ ಜಾಮೀನು ಹಕ್ಕಾಗಿಯೇ ದೊರೆಯುತ್ತದೆ. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ವಾರಂಟಿಲ್ಲದೆ ಬಂಧಿಸುವಂತಿಲ್ಲ.

“ಆದರೆ ಯಾವ ಕಲಮು ಹಾಕಿದ್ದಾರೆಂದು ಮೊದಲು ನೋಡಬೇಕು” ಎಂದು ವಕೀಲರು ಬೆರಳೆತ್ತಿದರು. ಮನೆ ಅಥವಾ ಸರಕು ಇಡುವ ಕಟ್ಟಡದೊಳಗಿನ ಕಳವಿಗೆ 305ನೆಯ ಕಲಮು ಬೇರೆಯೇ ಇದೆ. ಅದರಲ್ಲಿ ಏಳು ವರ್ಷದವರೆಗೆ ಶಿಕ್ಷೆ. ಠಾಣೆಯಿಂದ ಕರೆ ಬಂದರೆ ವಕೀಲರಿಲ್ಲದೆ ಕಾಗದಕ್ಕೆ ಸಹಿ ಹಾಕಬಾರದೆಂಬುದು ಈ ಕಾರಣದಿಂದಲೇ. ಶುಲ್ಕ ಕೊಡಲಾರೆವೆಂದು ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಅಧಿನಿಯಮದ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ, ವರಮಾನ ಎಷ್ಟೇ ಇರಲಿ, ಉಚಿತ ನೆರವುಂಟು. 15100 ಸಂಖ್ಯೆಗೆ ದೂರವಾಣಿ ಮಾಡಿದರೆ ದಾರಿ ತೋರಿಸುತ್ತಾರೆ.

ಹತ್ತರಷ್ಟು ಹಣದ ಮಾತಿಗೆ ವಕೀಲರು ನಕ್ಕರು. ಸಾಮಾನು ಬಾಗಿಲಲ್ಲೇ ಅಂಗಡಿಯವರ ಕೈ ಸೇರಿದೆ. ಹತ್ತರಷ್ಟು ವಸೂಲು ಮಾಡುವ ಅಧಿಕಾರ ಯಾವ ಅಂಗಡಿಗೂ ಇಲ್ಲ. ದೂರಿನ ಭಯ ತೋರಿಸಿ ಹಣ ಕೀಳುವುದು ಸುಲಿಗೆಯೆನಿಸಬಹುದು. ಬಲವಂತವಾಗಿ ಕೂಡಿಹಾಕುವುದು 127ನೆಯ ಕಲಮಿನ ಅಕ್ರಮ ಬಂಧನವಾಗಬಹುದು. ಖಾಸಗಿಯವರು ಯಾರನ್ನಾದರೂ ಹಿಡಿದಿಡಬಹುದಾದದ್ದು ತಮ್ಮ ಕಣ್ಣೆದುರು ಜಾಮೀನಿಲ್ಲದ, ಪೊಲೀಸರು ತಾವೇ ಹಿಡಿಯಬಹುದಾದ ಅಪರಾಧ ನಡೆದಾಗ ಮಾತ್ರ. ಆಗಲೂ ಆರು ಗಂಟೆಯೊಳಗೆ ಪೊಲೀಸರಿಗೊಪ್ಪಿಸಬೇಕು. ಬೆದರಿಸಿ ಬರೆಸಿಕೊಂಡ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ.

“ಹಾಗೆಂದು ಅಂಗಡಿಯವರ ಮೇಲೆ ಏರಿಹೋಗಬೇಡಿ. ಮೊದಲು ತಪ್ಪಿದ್ದು ನಮ್ಮ ಕೈ” ಎಂದೂ ಅವರೇ ಹೇಳಿದರು. 303ರ ಕಳವು ರಾಜಿಗೆ ಒಳಪಡುವ ಅಪರಾಧ. ವಸ್ತುವಿನ ಒಡೆಯ ಒಪ್ಪಿ ರಾಜಿಯಾದರೆ ಅದರ ಫಲ ಖುಲಾಸೆ. ಸಮುದಾಯ ಸೇವೆ ಹಗುರವಾಗಿ ಕಂಡರೂ ಅದರ ಹಿಂದೆ ‘ಅಪರಾಧಿ’ ಎಂಬ ನಿರ್ಣಯ ಇದ್ದೇ ಇರುತ್ತದೆ, ರಾಜಿಯಲ್ಲಿ ಅದಿಲ್ಲ. ರಾಜಿಯಾಗದಿದ್ದರೂ 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮವುಂಟು. ಮೊದಲ ತಪ್ಪಿಗೆ ಬುದ್ಧಿ ಹೇಳಿಯೋ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಡುವ ಅಧಿಕಾರ ನ್ಯಾಯಾಧೀಶರಿಗಿದೆ. ಇಪ್ಪತ್ತೊಂದು ತುಂಬದವರನ್ನು ಸೆರೆಗೆ ಕಳುಹಿಸಬೇಕಾದರೆ ಅವರು ವಿಶೇಷ ಕಾರಣ ಬರೆಯಬೇಕು. ಹಾಗೆ ಬಿಡುಗಡೆಯಾದವರಿಗೆ ಆ ನಿರ್ಣಯದಿಂದ ಕಾನೂನಿನ ಅನರ್ಹತೆ ಅಂಟುವುದಿಲ್ಲ.

ಹದಿನೆಂಟು ತುಂಬದ ಮಕ್ಕಳಾದರೆ ದಾರಿಯೇ ಬೇರೆ. ಅವರ ವಿಚಾರಣೆ ಬಾಲ ನ್ಯಾಯ ಮಂಡಳಿಯಲ್ಲಿ. ಹೆಸರು, ಭಾವಚಿತ್ರ ಪ್ರಕಟಿಸುವುದೇ ಅಪರಾಧ.

ಉದ್ಯೋಗದ ಪ್ರಶ್ನೆಗೂ ಉತ್ತರ ಸಿಕ್ಕಿತು. ಸರ್ಕಾರಿ ಅರ್ಜಿಯಲ್ಲಿ ಪ್ರಕರಣಗಳ ಬಗ್ಗೆ ಕೇಳಿದರೆ ಮುಚ್ಚಿಡಬಾರದು. ಎಳೆಯ ವಯಸ್ಸಿನ ಕ್ಷುಲ್ಲಕ ತಪ್ಪನ್ನು ಮೇಲಧಿಕಾರಿಗಳು ಕ್ಷಮಿಸಬಹುದೆಂದು 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಸುಳ್ಳನ್ನು ಕ್ಷಮಿಸುವುದು ಕಷ್ಟ. ಪರದೇಶದಲ್ಲಿ ಮಾತ್ರ ಈ ಔದಾರ್ಯವನ್ನು ನೆಚ್ಚಿಕೊಳ್ಳಲಾಗದು. ಅಮೆರಿಕದಲ್ಲಿ ಕಳವು ಮಾಡಿದವರ ವೀಸಾ ರದ್ದಾಗಬಹುದು, ಮುಂದೆ ದೊರೆಯದೆಯೂ ಹೋಗಬಹುದು ಎಂದು ಭಾರತದಲ್ಲಿರುವ ಆ ದೇಶದ ರಾಯಭಾರ ಕಚೇರಿ 2025ರ ಜುಲೈನಲ್ಲಿ ಎಚ್ಚರಿಸಿತು. ಮಕ್ಕಳನ್ನು ಅಲ್ಲಿಗೆ ಕಳುಹಿಸುವ ತಾಯಿತಂದೆಯರು ಇದನ್ನು ನೆನಪಿಡುವುದೊಳಿತು.

ಮಧ್ಯಾಹ್ನ ವಕೀಲರೊಡನೆ ಅಂಗಡಿಗೆ ಹೋದೆವು. ಹುಡುಗಿ ತಲೆಯೆತ್ತಿ, ತಾನೇ ಕ್ಷಮೆ ಕೇಳಿದಳು. ಒಂದು ವಸ್ತುವಿನ ಹೊದಿಕೆ ಹರಿದಿತ್ತು. ಅದರ ಬೆಲೆ ಕೊಟ್ಟೆವು. ವ್ಯವಸ್ಥಾಪಕರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೂ ಮಗಳಿದ್ದಾಳೆ ಸ್ವಾಮಿ” ಎಂದು ಗುರುತಿನ ಚೀಟಿಯನ್ನೂ ಬರೆಸಿಕೊಂಡಿದ್ದ ಕಾಗದವನ್ನೂ ಹಿಂದಿರುಗಿಸಿದರು. ದೂರು ಕೊಡುವುದಿಲ್ಲವೆಂದು ಬರೆದೂ ಕೊಟ್ಟರು.

ಬಸ್ಸಿನಲ್ಲಿ ಬರುವಾಗ ನಾನು ಕೇಳದಿದ್ದರೂ ಆಕೆ ಹೇಳಿದಳು: “ಸರ್, ಪರ್ಸಿನಲ್ಲಿ ದುಡ್ಡಿತ್ತು. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಗೆಳತಿಯರೆಲ್ಲ ಮಾಡಿದ್ದರು, ನನ್ನ ಕೈಲಾಗುತ್ತದೆಯೇ ಎಂದು ನೋಡಿದೆ.” ತಂದೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಕಪಿಲೆಯ ಸೇತುವೆ ದಾಟುವಾಗ ಕೈಚೀಲದಿಂದ ಬುತ್ತಿಯನ್ನು ತೆಗೆದು ಆಕೆಯ ತೊಡೆಯ ಮೇಲಿಟ್ಟರು. “ಬೆಳಗ್ಗೆಯಿಂದ ಏನೂ ತಿಂದಿಲ್ಲ, ತಿನ್ನು” ಎಂದರು.

ಹಿಂದಿನ ರಾತ್ರಿಯಿಂದ ಅವರು ಮಗಳೊಡನೆ ಆಡಿದ ಮೊದಲ ಮಾತು ಅದು. ಮೊದಲ ಸಲ ಎಡವಿದವರಿಗೆ ಮರಳಿ ಬರುವ ದಾರಿಯನ್ನು ಕಾನೂನು ಇಟ್ಟಿದೆ. ಆ ದಾರಿಯ ಕೊನೆಯಲ್ಲಿ ಮನೆಯ ಬಾಗಿಲು ತೆರೆದಿರಬೇಕು. ಅದನ್ನು ತೆರೆದಿಡುವುದು ನಮ್ಮ ಕೆಲಸ.