ರಾಜನಿಲ್ಲದ ಸಿಂಹಾಸನ: ತಾಯ್ನಾಡಿನ ಗೊಂದಲ ಮತ್ತು ವಸಾಹತುಗಳ ಸ್ವಾತಂತ್ರ್ಯ

ಅಭ್ಯಾಸ ಬೋಧನೆಯ ಅವಧಿಯಲ್ಲಿ, ಸಮಾಜ ವಿಜ್ಞಾನ ಶಿಕ್ಷಕರು ರಜೆಯಲ್ಲಿದ್ದ ಒಂದು ದಿನ, ವಿಜ್ಞಾನದ ಪ್ರಶಿಕ್ಷಣಾರ್ಥಿಯಾದ ನನಗೆ ಒಂಬತ್ತನೇ ತರಗತಿಯ ಇತಿಹಾಸದ ಪಿರಿಯಡ್ ಬಂತು. "ನೆಪೋಲಿಯನ್ ಸ್ಪೇನಿನ ರಾಜನನ್ನು ಸೆರೆಯಲ್ಲಿಟ್ಟ. ಸ್ಪೇನ್ ದುರ್ಬಲವಾಯಿತು. ಅದರ ಅಮೆರಿಕದ ವಸಾಹತುಗಳು ಸ್ವತಂತ್ರವಾದವು" ಎಂದು ಒಂದೇ ಉಸಿರಿಗೆ ಮುಗಿಸಿದೆ. ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: "ಮಿಸ್, ರಾಜನೇ ಜೈಲಲ್ಲಿದ್ರೆ ಅಲ್ಲಿಗೆ ಆರ್ಡರ್ ಯಾರು ಕಳಿಸ್ತಿದ್ರು?" ನನಗೆ ಉತ್ತರ ಗೊತ್ತಿರಲಿಲ್ಲ. ಪಾಠದ ತಿರುಳೇ ಆ ಪ್ರಶ್ನೆಯಲ್ಲಿದೆ ಎಂದು ಆಮೇಲೆ ಓದಿದಾಗ ತಿಳಿಯಿತು.

1808ರ ಮೇ ತಿಂಗಳಲ್ಲಿ ನೆಪೋಲಿಯನ್, ನಾಲ್ಕನೇ ಚಾರ್ಲ್ಸ್ ಮತ್ತು ಅವನ ಮಗ ಏಳನೇ ಫರ್ಡಿನೆಂಡ್ ಇಬ್ಬರಿಂದಲೂ ಸಿಂಹಾಸನ ಬಿಡಿಸಿ, ತನ್ನ ಅಣ್ಣ ಜೋಸೆಫನನ್ನು ಸ್ಪೇನಿನ ರಾಜನನ್ನಾಗಿ ಮಾಡಿದ. ಜನ ಒಪ್ಪಲಿಲ್ಲ. ಊರೂರಲ್ಲಿ 'ಹುಂಟಾ' ಎಂಬ ಆಡಳಿತ ಸಮಿತಿಗಳನ್ನು ಕಟ್ಟಿಕೊಂಡರು. ರಾಜನಿಲ್ಲದಾಗ ಅಧಿಕಾರ ಜನರಿಗೆ ಮರಳುತ್ತದೆ ಎಂಬುದು ಅವರ ವಾದ. ಇದೇ ವಾದವನ್ನು ಕ್ರಿಯೋಲರು, ಅಂದರೆ ಅಮೆರಿಕದಲ್ಲೇ ಹುಟ್ಟಿದ ಸ್ಪೇನ್ ಮೂಲದವರು, ಕೈಗೆತ್ತಿಕೊಂಡರು. 1810ರ ಏಪ್ರಿಲ್ 19ರಂದು ಕರಾಕಸ್‌ನಲ್ಲಿ, ಮೇ 25ರಂದು ಬ್ಯೂನಸ್ ಐರಿಸ್‌ನಲ್ಲಿ, ಸೆಪ್ಟೆಂಬರ್ 18ರಂದು ಸ್ಯಾಂಟಿಯಾಗೊದಲ್ಲಿ ಹುಂಟಾಗಳು ರಚನೆಯಾದವು. ಇವು ಮೊದಲಿಗೆ ಫರ್ಡಿನೆಂಡನ ಹೆಸರಿನಲ್ಲೇ ಆಡಳಿತ ನಡೆಸಿದವು! ವೆನೆಜುವೆಲಾ ಸ್ವಾತಂತ್ರ್ಯ ಘೋಷಿಸಿದ್ದು 1811ರ ಜುಲೈ 5ರಂದು.

ಅಸಮಾಧಾನ ಹಳೆಯದು. ದೊಡ್ಡ ಹುದ್ದೆಗಳು ಹೆಚ್ಚಾಗಿ ಸ್ಪೇನಿನಿಂದ ಬಂದವರ ಪಾಲಾಗುತ್ತಿದ್ದವು. ವ್ಯಾಪಾರದ ಮೇಲೂ ಸ್ಪೇನಿನ ಹಿಡಿತವಿತ್ತು. ಇವು ಮೂಲ ಕಾರಣಗಳು. 1808ರ ಗೊಂದಲ ತಕ್ಷಣದ ಕಾರಣ.

1814ರಲ್ಲಿ ಮರಳಿದ ಫರ್ಡಿನೆಂಡ್ 1812ರ ಸಂವಿಧಾನವನ್ನು ರದ್ದುಮಾಡಿ, ಮರುವರ್ಷ ಸುಮಾರು 10,000 ಸೈನಿಕರನ್ನು ಅಮೆರಿಕಕ್ಕೆ ಕಳಿಸಿದ. ಬಂಡಾಯ ಬಹುಪಾಲು ಅಡಗಿತು. ಆದರೆ 1820ರ ಜನವರಿಯಲ್ಲಿ, ಅಮೆರಿಕಕ್ಕೆ ಹೊರಡಬೇಕಿದ್ದ ಇನ್ನೊಂದು ಸೈನ್ಯ ಕಾಡಿಜ್ ಬಳಿ ರಿಯೆಗೊ ಮುಂದಾಳತ್ವದಲ್ಲಿ ರಾಜನ ವಿರುದ್ಧವೇ ದಂಗೆ ಎದ್ದಿತು. ಆ ಸೈನ್ಯ ಹಡಗು ಹತ್ತಲೇ ಇಲ್ಲ. 1821ರಲ್ಲಿ ಮೆಕ್ಸಿಕೊ ಸ್ವತಂತ್ರವಾಯಿತು. 1824ರ ಡಿಸೆಂಬರ್ 9ರ ಅಯಾಕುಚೊ ಕದನದಲ್ಲಿ ದಕ್ಷಿಣ ಅಮೆರಿಕದಲ್ಲಿ ಸ್ಪೇನಿನ ಆಳ್ವಿಕೆಯ ಬೆನ್ನೆಲುಬು ಮುರಿಯಿತು.

ಹಾಗಾದರೆ ಕ್ಯೂಬಾ? ಅದೇ ರಾಜ, ಅದೇ ಗೊಂದಲ. ಆದರೂ ಅದು 1898ರವರೆಗೆ ಸ್ಪೇನಿನ ಕೈಯಲ್ಲೇ ಉಳಿಯಿತು. 1791ರಲ್ಲಿ ನೆರೆಯ ಹೈಟಿಯಲ್ಲಿ ಗುಲಾಮರು ಬಂಡೆದ್ದದ್ದನ್ನು ಕಂಡಿದ್ದ ಸಕ್ಕರೆ ತೋಟಗಳ ಮಾಲೀಕರಿಗೆ ಸ್ಪೇನಿನ ಸೈನ್ಯದ ರಕ್ಷಣೆಯೇ ಬೇಕಾಗಿತ್ತು.

ವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ, ತಾಯ್ನಾಡಿನ ಗೊಂದಲ ಕ್ರಿಯಾವರ್ಧಕದಂತೆ: ಪ್ರತಿವರ್ತಕಗಳು ಇಲ್ಲದ ಕಡೆ ಅದೊಂದೇ ಏನೂ ಮಾಡದು. ಹೋಲಿಕೆಗೆ ಮಿತಿಯೂ ಇದೆ. ಕ್ರಿಯಾವರ್ಧಕ ಕೊನೆಗೆ ಬದಲಾಗದೆ ಉಳಿಯುತ್ತದೆ, ಸ್ಪೇನ್ ಹಾಗೆ ಉಳಿಯಲಿಲ್ಲ.

ಎರಡು ದಿನ ಬಿಟ್ಟು ಹತ್ತು ನಿಮಿಷ ಕೇಳಿ ಪಡೆದು, ಕಪ್ಪು ಹಲಗೆಯ ಎಡಕ್ಕೆ 'ಸ್ಪೇನ್', ಬಲಕ್ಕೆ 'ಅಮೆರಿಕ' ಎಂದು ಬರೆದು ಇಸವಿಗಳನ್ನು ಎದುರುಬದುರು ಇಟ್ಟೆ. ನನ್ನ ಮೊದಲ ವಿವರಣೆ ಅರ್ಧ ತಪ್ಪಿತ್ತು ಎಂದೂ ಹೇಳಿದೆ. ಮಕ್ಕಳು ನಗಲಿಲ್ಲ. ಕ್ಯೂಬಾದ ಎದುರಿಗೆ ಏನು ಬರೆಯಬೇಕೆಂದು ತಾವೇ ಚರ್ಚೆಗಿಳಿದರು.